ಮೈನಸ್ 19 ಡಿಗ್ರಿಯಲ್ಲಿ ಬೆಂದ ಪಿಜ್ಜಾ

4 ನಿಮಿಷ 37 ಸೆಕೆಂಡು. 2021ರ ಫೆಬ್ರುವರಿ 15ರ ನಸುಕಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯುತ್ ಜಾಲ ಪೂರ್ತಿ ಕುಸಿದು ಬೀಳುವುದಕ್ಕೆ ಉಳಿದಿದ್ದ ಹೊತ್ತು ಇಷ್ಟೇ. ಉತ್ತರ ಧ್ರುವದ ಕಡೆಯಿಂದ ಇಳಿದುಬಂದ ಚಳಿಗಾಳಿಗೆ ಅನಿಲ ಬಾವಿಗಳು ಹೆಪ್ಪುಗಟ್ಟಿದ್ದವು. ವಿದ್ಯುತ್ ಸ್ಥಾವರಗಳು ಒಂದರ ಹಿಂದೊಂದು ಕೈಕೊಟ್ಟಿದ್ದವು. 60 ಹರ್ಟ್ಸ್‌ನಲ್ಲಿ ನಿಲ್ಲಬೇಕಾದ ಜಾಲದ ಆವರ್ತನ 59.4ಕ್ಕಿಂತ ಕೆಳಗಿಳಿಯಿತು. ಆ ಮಟ್ಟದಲ್ಲಿ 9 ನಿಮಿಷ ಉಳಿದರೆ ಮಿಕ್ಕ ಸ್ಥಾವರಗಳೂ ತಮ್ಮ ಯಂತ್ರ ಉಳಿಸಿಕೊಳ್ಳಲು ತಾವಾಗಿಯೇ ಬಂದ್ ಆಗುತ್ತವೆ. ಹಾಗಾದರೆ ರಾಜ್ಯದ ಬಹುಭಾಗ ವಾರಗಟ್ಟಲೆ ಕತ್ತಲು. 4 ನಿಮಿಷ 23 ಸೆಕೆಂಡು ಜಾಲ ಆ ಅಂಚಿನಲ್ಲೇ ತೂಗಾಡಿತು. ಅದನ್ನು ಹಿಂದಕ್ಕೆಳೆಯಲು ಜಾಲದ ಉಸ್ತುವಾರಿ ಹೊತ್ತ ಎರ್ಕಾಟ್ ಸಂಸ್ಥೆ ಮನೆಮನೆಯ ಕರೆಂಟು ಕಡಿಯಲು ಆಜ್ಞೆ ಕೊಟ್ಟಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೊದಲ್ಲಿ ನಮ್ಮ ಮನೆಯೂ ಕತ್ತಲಾಯಿತು.

ಸರದಿಯಂತೆ ಸ್ವಲ್ಪ ಹೊತ್ತು ತೆಗೆದು ಮತ್ತೆ ಕೊಡುತ್ತಾರೆ ಎಂದುಕೊಂಡೆವು. ಬೆಳಗಾಯಿತು, ಕೊಡಲಿಲ್ಲ. ಮಧ್ಯಾಹ್ನವಾಯಿತು, ಕೊಡಲಿಲ್ಲ. ನಮ್ಮದು ಪೂರ್ತಿ ಕರೆಂಟಿನ ಮನೆ: ಒಲೆ ಕರೆಂಟಿನದು, ಓವನ್ ಕರೆಂಟಿನದು, ಮನೆ ಬೆಚ್ಚಗಿಡುವ ಹೀಟರೂ ಕರೆಂಟಿನದು. ಟೆಕ್ಸಾಸ್‌ನ ಮನೆಗಳನ್ನು ಕಟ್ಟುವುದೇ ಉರಿಬಿಸಿಲನ್ನು ಲೆಕ್ಕದಲ್ಲಿಟ್ಟು. ಗೋಡೆಯೊಳಗಿನ ನೀರಿನ ಪೈಪುಗಳಿಗೆ ಇಂಥ ಚಳಿಯ ಪರಿಚಯವೇ ಇರಲಿಲ್ಲ. ಸೋಮವಾರ ಸಂಜೆಗೆ ಅಡುಗೆಮನೆಯ ನಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು. ಮಾತಾಡಿದರೆ ಬಾಯಿಂದ ಹಬೆ, ಅದೂ ಮನೆಯೊಳಗೆ!

ನಾವಿದ್ದದ್ದು ನಾಲ್ಕು ಜನ. ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, ಮತ್ತೆ ಧಾರವಾಡದಿಂದ ಬಂದು ಕೊರೊನಾ ದೆಸೆಯಿಂದ ವಾಪಸು ಹೋಗಲಾಗದೆ ಉಳಿದಿದ್ದ ಅವ್ವ. ಇದ್ದಬದ್ದ ಹಾಸಿಗೆಯನ್ನೆಲ್ಲ ಒಂದೇ ಕೋಣೆಗೆ ಎಳೆದು ತಂದೆವು. ಕಿಟಕಿಗೆ ಜಮಖಾನೆ ಕಟ್ಟಿದೆವು, ಬಾಗಿಲ ಸಂದಿಗೆ ಟವೆಲ್ ತುರುಕಿದೆವು. ಊರಿಂದ ತಂದಿದ್ದ ಕೌದಿಯನ್ನು ಅವ್ವ ಮೊಮ್ಮಗಳಿಗೆ ಸುತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು.

ಚಳಿಯಲ್ಲಿ ದೇಹ ಅನ್ನವನ್ನು ಸುಡುತ್ತದೆ. ನಡುಗುವುದೆಂದರೇನು? ಸ್ನಾಯುಗಳು ತಮ್ಮನ್ನು ತಾವೇ ಕುಲುಕಿಕೊಂಡು ಶಾಖ ಹುಟ್ಟಿಸುವುದು. ಆ ಶಾಖಕ್ಕೆ ಸೌದೆ ಹೊಟ್ಟೆಯೊಳಗಿನ ಊಟ. ಹೊಟ್ಟೆ ಬರಿದಾದವನಿಗೆ ಚಳಿ ಬೇಗ ಗೆಲ್ಲುತ್ತದೆ. ಬಿಸ್ಕತ್ತು ಮುಗಿಯಿತು, ಬ್ರೆಡ್ ಮುಗಿಯಿತು. ರಸ್ತೆಯ ತುಂಬ ಗಾಜಿನಂಥ ಮಂಜುಗಡ್ಡೆ. ಹೊರಟ ಕಾರುಗಳು ಜಾರಿ ಚರಂಡಿ ಸೇರುತ್ತಿದ್ದವು. ಅಂಗಡಿಗೆ ಹೋಗುವ ಮಾತೇ ಇಲ್ಲ. ಮನೆಯಲ್ಲಿರುವುದರಿಂದಲೇ ಬದುಕಬೇಕು.

ಏನಿದೆ? ಟಾರ್ಚ್ ಹಿಡಿದು ಹುಡುಕಿದೆವು. ಅಕ್ಕಿ ಇದೆ, ಬೇಳೆ ಇದೆ. ಒಂದು ಚೀಲ ಮೈದಾ. 7 ಗ್ರಾಂನ ಒಂದು ಪೊಟ್ಟಣ ಯೀಸ್ಟ್. ಡಬ್ಬಿಯಲ್ಲಿ ಟೊಮೆಟೊ, ಬುಟ್ಟಿಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ. ಫ್ರಿಜ್ ಸತ್ತಿದ್ದರಿಂದ ಹಿತ್ತಲಿನ ಹಿಮದಲ್ಲಿ ಹೂತಿಟ್ಟಿದ್ದ ಮೊಝರೆಲ್ಲಾ ಚೀಸ್. ಕುಡಿಯುವ ನೀರಿನ ಬಾಟಲಿಗಳು ಕೆಲವೇ ಕೆಲವು. ಬೆಂಕಿಗೆ? ಹಿತ್ತಲಲ್ಲಿ ಮುಸುಕು ಹೊದ್ದು ನಿಂತಿದ್ದ ಮೂರು ಬರ್ನರ್‌ಗಳ ಗ್ಯಾಸ್ ಗ್ರಿಲ್, ಅದರ ಕೆಳಗೆ 9 ಕೆಜಿಯ ಒಂದು ಸಿಲಿಂಡರ್.

ಪಿಕ್ನಿಕ್‌ಗೆ ಒಯ್ಯುವ ಚಿಕ್ಕ ಬ್ಯೂಟೇನ್ ಒಲೆಯೂ ಇತ್ತು. ಮೊದಲು ಅದನ್ನೇ ಹಿತ್ತಲಿಗೆ ಒಯ್ದು ಹಚ್ಚಿದೆ. ಮಿಣುಕಿತು, ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಡಬ್ಬಿ ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುವ ಸದ್ದು; ಆದರೆ ಅನಿಲ ಹೊರಗೆ ಬರುತ್ತಿಲ್ಲ! ಬ್ಯೂಟೇನ್ ಕುದಿದು ಆವಿಯಾಗುವುದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಚಳಿಯಾದರೆ ಅದು ನೀರಿನ ಹಾಗೆ ಡಬ್ಬಿಯ ತಳದಲ್ಲೇ ಮಲಗಿಬಿಡುತ್ತದೆ. ಪ್ರೊಪೇನ್ ಹಾಗಲ್ಲ. ಅದು ಆವಿಯಾಗುವುದು ಮೈನಸ್ 42ರಲ್ಲಿ. ನಮಗೆ ಉಳಿದ ಏಕೈಕ ಆಸರೆ ಗ್ರಿಲ್ಲಿನ ಆ ಪ್ರೊಪೇನ್ ಸಿಲಿಂಡರ್.

ಅದರಲ್ಲಿ ಎಷ್ಟು ಉಳಿದಿದೆ? ಗ್ರಿಲ್ ಹೊತ್ತಿಸಿ, ಒಂದು ಬಟ್ಟಲು ಹಿಮ ಕರಗಿಸಿ, ಬಿಸಿಯಾದ ಆ ನೀರನ್ನು ಸಿಲಿಂಡರಿನ ಪಕ್ಕೆಗೆ ಸುರಿದು ಅಂಗೈಯಿಂದ ಸವರಿದೆ. ಮೇಲೆಲ್ಲ ಬೆಚ್ಚಗೆ. ಕೆಳಗೆ ಒಂದು ಗೆರೆಯಿಂದಾಚೆ ಕೊರೆಯುವ ತಣ್ಣಗೆ. ಒಳಗಿನ ದ್ರವ ಶಾಖ ಹೀರಿಕೊಳ್ಳುವುದರಿಂದ ಅದು ನಿಂತ ಮಟ್ಟ ಹೀಗೆ ಕೈಗೆ ಸಿಗುತ್ತದೆ. ಗೆರೆ ಇದ್ದದ್ದು ತಳದಿಂದ ನಾಲ್ಕು ಬೆರಳು ಮೇಲೆ. ಅಷ್ಟೇ!

ಇನ್ನು ಲೆಕ್ಕ ಹಾಕಲೇಬೇಕಿತ್ತು. ಅನ್ನ, ಸಾರು ಮಾಡೋಣವೆಂದರೆ ಎರಡು ಪಾತ್ರೆ, ಬೇಯಲು ಬಹಳ ಹೊತ್ತು. ಬೀಸುವ ಗಾಳಿಯಲ್ಲಿ ಪಾತ್ರೆಯ ಬಿಸಿಯೆಲ್ಲ ಆಕಾಶದ ಪಾಲು. ಮೇಲಾಗಿ ನೀರು ಬೇಕು, ಪಾತ್ರೆ ತೊಳೆಯಲೂ ನೀರು ಬೇಕು. ತೆಳ್ಳಗೆ ತಟ್ಟಿದ ಹಿಟ್ಟಿಗೆ ಇಷ್ಟೆಲ್ಲ ಬೇಡ. ಗ್ರಿಲ್ ಒಮ್ಮೆ ಕಾದರೆ ಒಂದೊಂದು ಪಿಜ್ಜಾಕ್ಕೆ ಐದಾರು ನಿಮಿಷ. ಹಿಟ್ಟು, ಎಣ್ಣೆ, ಚೀಸ್ ಮೂರೂ ಸೇರಿದರೆ ಚಳಿಯಲ್ಲಿ ನಡುಗುವ ದೇಹಕ್ಕೆ ಬೇಕಾದ ಸೌದೆ ಭರ್ತಿ. ನಾವು ಪಿಜ್ಜಾ ಆರಿಸಿದ್ದು ಬಾಯಿಚಪಲಕ್ಕಲ್ಲ. ನಾಲ್ಕು ಬೆರಳು ಗ್ಯಾಸಿನಲ್ಲಿ ನಾಲ್ಕು ಜನರ ಹೊಟ್ಟೆ ತುಂಬಿಸಲು ಇದ್ದ ದಾರಿ ಅದೊಂದೇ.

ಓವನ್ ಇಲ್ಲದೆ ಪಿಜ್ಜಾ ಮಾಡುವ ಈ ವಿದ್ಯೆಗೆ ಅಮೆರಿಕದಲ್ಲಿ ಒಂದು ತವರುಮನೆ ಇದೆ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಜೊಹಾನ್ ಕಿಲೀನ್ ಮತ್ತು ಜಾರ್ಜ್ ಜರ್ಮನ್ ದಂಪತಿ 1980ರಲ್ಲಿ ಅಲ್ ಫೋರ್ನೊ ಎಂಬ ಹೋಟೆಲು ತೆರೆದರು. ಇಟಲಿಯಲ್ಲಿ ಕೆಂಡದ ಮೇಲೆ ಸುಟ್ಟ ಪಿಜ್ಜಾದ ಸುದ್ದಿ ಮೀನು ಮಾರುವವನೊಬ್ಬನಿಂದ ಕಿವಿಗೆ ಬಿದ್ದದ್ದೇ ತಡ, ಅವರು ಹಸಿ ಹಿಟ್ಟನ್ನು ನೇರವಾಗಿ ಇದ್ದಿಲ ಗ್ರಿಲ್ಲಿನ ಕಂಬಿಗಳ ಮೇಲೇ ಹಾಕಿ ನೋಡಿದರು. ಹಿಟ್ಟು ಕಂಬಿಯ ಸಂದಿಯಿಂದ ಇಳಿಯಲಿಲ್ಲ. ಕಾದ ಕಬ್ಬಿಣ ತಾಗಿದ ಕ್ಷಣದಲ್ಲೇ ಅದರ ಅಡಿ ಗಟ್ಟಿಯಾಗಿ ನಿಂತಿತು. ಇಟಲಿಯ ನೇಪಲ್ಸ್‌ನ ಕಟ್ಟಿಗೆ ಗೂಡಿನಲ್ಲಿ 430ರಿಂದ 480 ಡಿಗ್ರಿ ಶಾಖ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಸಿದ್ಧ. ಗ್ರಿಲ್ಲಿಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೇ ಒಂದು ಬದಿ ಮೊದಲು ಬೇಯಿಸಿ, ಮಗುಚಿ, ಬೆಂದ ಬದಿಯ ಮೇಲೆ ಚೀಸು-ಗೀಸು ಹಾಕುವುದು. ಬೇಸಿಗೆಯ ಸಂಜೆಗಳಲ್ಲಿ ಗೆಳೆಯರಿಗಾಗಿ ಮಾಡಿ ಮಾಡಿ ಈ ವಿದ್ಯೆ ನನ್ನ ಕೈಗೆ ಹತ್ತಿತ್ತು.

ಆದರೆ ಹಿಟ್ಟು ಉಬ್ಬಬೇಕಲ್ಲ! ಯೀಸ್ಟ್ ಎಂದರೆ ಜೀವ. ಚಳಿಯಲ್ಲಿ ಅದೂ ಮುದುಡಿ ಮಲಗುತ್ತದೆ. ಗ್ರಿಲ್ ಹೊತ್ತಿಸಿದ್ದಾಗಲೇ ಬಾಟಲಿಯ ನೀರು ಉಗುರುಬೆಚ್ಚಗೆ ಮಾಡಿ ಇಟ್ಟುಕೊಂಡಿದ್ದೆ. ಅರ್ಧ ಕಿಲೊ ಮೈದಾ, 325 ಎಂ.ಎಲ್. ನೀರು, ಎರಡು ಚಮಚ ಉಪ್ಪು, ಪೊಟ್ಟಣದ ಯೀಸ್ಟ್, ಒಂದು ಚಮಚ ಎಣ್ಣೆ. ಟಾರ್ಚಿನ ಬೆಳಕಿನಲ್ಲಿ ಅವ್ವ ನಾದತೊಡಗಿದಳು. ಅವಳ ಬೆರಳ ಗೆಣ್ಣುಗಳು ಚಳಿಗೆ ನೀಲಿಗಟ್ಟಿದ್ದವು. ನಾದುತ್ತ ನಾದುತ್ತ ಅಂಟಂಟಾಗಿದ್ದ ಕಣಕ ನಯವಾಯಿತು, ಅವ್ವನ ಕೈಗೂ ಬಣ್ಣ ಬಂತು. ಪಾತ್ರೆಗೆ ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ, ಅದನ್ನು ಕೌದಿಯೊಳಗೆ ಎಳೆದುಕೊಂಡು, ತನ್ನ ಹೊಟ್ಟೆಗೂ ಮೊಮ್ಮಗಳ ಬೆನ್ನಿಗೂ ನಡುವೆ ಇಟ್ಟುಕೊಂಡಳು. ಮನೆಯಲ್ಲಿ 37 ಡಿಗ್ರಿ ಶಾಖ ಉಳಿದಿದ್ದದ್ದು ನಮ್ಮ ಮೈಗಳಲ್ಲಿ ಮಾತ್ರ.

ಆ ರಾತ್ರಿ ಗಾಳಿ ಜೋರಾಯಿತು. ಕೋಣೆಯ ಉಷ್ಣಮಾಪಕ 10 ಡಿಗ್ರಿಗಿಂತ ಕೆಳಗಿಳಿಯಿತು. ಮಗಳ ಹಲ್ಲು ಕಟಕಟ ಎನ್ನುವುದನ್ನು ಕೇಳಲಾಗದೆ ಅವ್ವ ಕೇಳಿದಳು:

"ತಮ್ಮಾ, ಕೂಸು ನಡಗಾಕ ಹತ್ತೈತಿ. ಆ ಹೊರಗಿನ ಒಲಿ ಗ್ಯಾರೇಜಿನಾಗ ತಂದು, ಬಾಗಲಾ ಹಾಕ್ಕೊಂಡು ಹಚ್ಚೂಣೇನು?"

"ಬ್ಯಾಡವ್ವಾ. ಅದರಿಂದ ಬರೂ ವಿಷದ ಗಾಳಿ ಕಣ್ಣಿಗೆ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ಮಲಗಿದವರು ಮಲಗಿದಲ್ಲೇ ಹೋಗತಾರ."

ಅವ್ವ ಮೊಮ್ಮಗಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದಳು. "ಹಂಗಾರ ಬ್ಯಾಡಪಾ. ಥಂಡಿ ತಡಕೊಳ್ಳೂಣು."

ಅದೇ ರಾತ್ರಿ, ಅದೇ ರಾಜ್ಯದಲ್ಲಿ, ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಸಿಕ್ಕಿತ್ತು. ಗ್ರಿಲ್ಲು, ಇದ್ದಿಲು, ಜನರೇಟರು ಮನೆಯೊಳಗೆ ಬಂದವು. ಕಾರಿನ ಎಂಜಿನ್ನುಗಳು ಗ್ಯಾರೇಜಿನಲ್ಲಿ ಓಡಿದವು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯೊಂದರಲ್ಲೇ ನೂರಾರು ಮಂದಿ ಕಾರ್ಬನ್ ಮೊನಾಕ್ಸೈಡ್ ಸೇವಿಸಿ ಆಸ್ಪತ್ರೆ ಸೇರಿದರು. ಕೆಲವರು ಮರಳಿ ಬರಲಿಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೇವೆ, ಉಸಿರು ಮೈಗೆ ತಲುಪುವುದಿಲ್ಲ. ಚಳಿಯಿಂದ ಕಾಪಾಡಲು ಹಚ್ಚಿದ ಬೆಂಕಿಯೇ ಚಳಿಗಿಂತ ಬೇಗ ಕೊಲ್ಲುತ್ತದೆ.

ಮಂಗಳವಾರ, ಫೆಬ್ರುವರಿ 16. ಬೆಳಗಿನ ಜಾವ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ದಾಖಲಾದದ್ದು ಮೈನಸ್ 19 ಡಿಗ್ರಿ ಸೆಲ್ಸಿಯಸ್. 1949ರ ನಂತರ ಆ ಊರು ಅಂಥ ಚಳಿ ಕಂಡಿರಲಿಲ್ಲ. ಅವ್ವ ಕೌದಿ ಸರಿಸಿ ಪಾತ್ರೆಯ ತಟ್ಟೆ ತೆಗೆದಳು. ಹಿಟ್ಟು ಅಂಚಿನವರೆಗೆ ಎದ್ದು ನಿಂತಿತ್ತು! ಮಗಳು ಬೆರಳಿಂದ ಒತ್ತಿದಳು. ಗುಳಿ ಬಿತ್ತು, ನಿಧಾನಕ್ಕೆ ಅರ್ಧ ತುಂಬಿಕೊಂಡಿತು. ಹದ ಬಂದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಎಲ್ಲರೂ ಚಳಿಯಲ್ಲಿ ಮುದುಡಿದ್ದ ರಾತ್ರಿಯಲ್ಲಿ ಯೀಸ್ಟ್ ತನ್ನ ಕೆಲಸ ಮುಗಿಸಿತ್ತು.

ಎರಡು ಸ್ವೆಟರ್, ಅದರ ಮೇಲೆ ಜಾಕೆಟ್, ಕಾಲಿಗೆ ಸಾಕ್ಸಿನ ಮೇಲೆ ಸಾಕ್ಸು. ಹಿತ್ತಲ ಬಾಗಿಲು ತೆರೆದರೆ ಗಾಳಿ ಮುಖಕ್ಕೆ ಬಾರಿಸಿತು. ಗ್ರಿಲ್ಲಿದ್ದದ್ದು ಗೋಡೆಯಿಂದ ಹತ್ತು ಅಡಿಗೂ ಹೆಚ್ಚು ದೂರದಲ್ಲಿ, ಬಯಲಿನಲ್ಲಿ. ಅಲ್ಲೇ ಇರಬೇಕು ಅದು. ಹಿಮ ಗುಡಿಸಿ, ಮುಚ್ಚಳ ಎತ್ತಿ, ಸಿಲಿಂಡರಿನ ತಿರುಪು ತಿರುಗಿಸಿ ಬರ್ನರ್ ಹೊತ್ತಿಸಿದೆ. ಉರಿ ಬಂತು. ಆದರೆ ಎಂಥ ಉರಿ? ಊದುಬತ್ತಿಯ ತುದಿಯಷ್ಟು! ಮುಚ್ಚಳದ ಮೇಲಿನ ಉಷ್ಣಮಾಪಕದ ಮುಳ್ಳು ಮೇಲೇಳಲೇ ಇಲ್ಲ.

"ರೀ, ಗ್ಯಾಸು ಮುಗೀತೇನ್ರೀ?" ಬಾಗಿಲಲ್ಲಿ ನಿಂತ ಹೆಂಡತಿಯ ದನಿ ನಡುಗುತ್ತಿತ್ತು.

ಮುಗಿದಿರಲಿಲ್ಲ. ಇಂಥ ಗ್ರಿಲ್ಲುಗಳಲ್ಲಿ ಒಂದು ಕಾವಲಿದೆ: ಅನಿಲ ಒಮ್ಮೆಲೇ ನುಗ್ಗಿದರೆ, ಪೈಪು ಸೋರುತ್ತಿರಬಹುದೆಂದು ಶಂಕಿಸಿ ದಾರಿಯನ್ನು ಕಿರಿದು ಮಾಡಿಬಿಡುತ್ತದೆ. ಅದನ್ನು ಒಲಿಸಿಕೊಳ್ಳುವ ಕ್ರಮವೂ ಇದೆ. ಬರ್ನರ್ ಎಲ್ಲ ಬಂದ್. ಸಿಲಿಂಡರ್ ಬಂದ್. ಪೈಪು ಬಿಚ್ಚಿ ಒಂದು ನಿಮಿಷ ಕಾಯಬೇಕು. ಮತ್ತೆ ಜೋಡಿಸಿ, ಸಿಲಿಂಡರಿನ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತೆರೆಯಬೇಕು. ಗ್ಲೌಸು ಹಾಕಿದರೆ ತಿರುಪು ಕೈಗೆ ಹತ್ತದು, ಬರಿಗೈಯಲ್ಲಿ ಹಿಡಿದರೆ ಲೋಹ ಚರ್ಮವನ್ನೇ ಹಿಡಿದುಕೊಳ್ಳುತ್ತದೆ. ಕೈಗೆ ಕಾಲುಚೀಲ ಸುತ್ತಿ ತಿರುಗಿಸಿದೆ. ಮೆಲ್ಲಗೆ. ಇನ್ನೂ ಮೆಲ್ಲಗೆ. ಬರ್ನರ್ ಹೊತ್ತಿಸಿದೆ.

ಭುಗ್! ನೀಲಿ ಉರಿ ಉದ್ದಕ್ಕೂ ಓಡಿತು.

ಎರಡು ಬರ್ನರ್ ಜೋರು, ಮೂರನೆಯದು ಬಂದ್. ಗ್ರಿಲ್ ಪಿಜ್ಜಾದ ಗುಟ್ಟೇ ಇದು: ಒಂದು ಕಡೆ ಸುಡುವ ಬೆಂಕಿ, ಇನ್ನೊಂದು ಕಡೆ ಬರೀ ಕಾವು. ಮುಚ್ಚಳ ಹಾಕಿ ಕಾದೆವು. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಮುಟ್ಟುವ ಶಾಖಕ್ಕೆ ಇಲ್ಲಿ ಅದರ ಎರಡರಷ್ಟು ಹೊತ್ತು ಬೇಕಾಯಿತು. ಮುಳ್ಳು ಕೊನೆಗೂ 400 ಫ್ಯಾರನ್‌ಹೀಟ್ ಮುಟ್ಟಿತು. ಸೆಲ್ಸಿಯಸ್‌ನಲ್ಲಿ 200ರ ಸುಮಾರು.

ಒಳಗೆ ಅವ್ವ ಕಂಚಿನ ತಟ್ಟೆ ಬೋರಲು ಹಾಕಿ, ಎಣ್ಣೆ ಸವರಿ, ಉಂಡೆಯನ್ನು ಅಂಗೈಯಲ್ಲಿ ತಟ್ಟಿದಳು. ಜೋಳದ ರೊಟ್ಟಿ ಬಡಿದು ಬಡಿದು ಪಳಗಿದ ಕೈ, ಲಟ್ಟಣಿಗೆ ಕೇಳಲಿಲ್ಲ. ತಟ್ಟೆ ಹಿಡಿದು ನಾನು ಓಡಿದೆ. ಮುಚ್ಚಳ ಎತ್ತಿ, ಹಿಟ್ಟನ್ನು ಕಂಬಿಗಳ ಮೇಲೆ ಜಾರಿಸಿ, ಮುಚ್ಚಳ ಇಳಿಸಿದೆ. ಮುಚ್ಚಳ ತೆರೆದಿಟ್ಟ ಪ್ರತಿ ಸೆಕೆಂಡಿಗೂ ಶಾಖದ ದಂಡ ತೆರಬೇಕು.

ಕೌದಿ ಹೊದ್ದುಕೊಂಡೇ ಅವ್ವ ಬಾಗಿಲಿಗೆ ಬಂದು ನಿಂತಳು. ಮೂಗು ಅರಳಿಸಿ, "ಹೊಳ್ಳಿ ಹಾಕು!" ಎಂದಳು. ಮುಚ್ಚಳ ಎತ್ತಿದರೆ ಹಿಟ್ಟಿನ ಮೇಲೆಲ್ಲ ಗುಳ್ಳೆಗಳು ಎದ್ದಿವೆ. ಇಕ್ಕಳದಲ್ಲಿ ಮಗುಚಿ ತಟ್ಟೆಗೆ ಎತ್ತಿಕೊಂಡೆ. ಕೆಳಬದಿಯಲ್ಲಿ ಕಂಬಿಗಳ ಕಂದು ಗೆರೆ, ಗೆರೆಗಳ ನಡುವೆ ಹೊಂಬಣ್ಣ. ಕೆಂಡದ ಮುಂದೆ ರೊಟ್ಟಿ ಸುಟ್ಟವಳ ಮೂಗು ಪ್ಲೇನೊದ ಹಿಮದಲ್ಲೂ ಒಂದು ಕ್ಷಣ ಹಿಂದೆಮುಂದೆ ಆಗಲಿಲ್ಲ.

ಟೊಮೆಟೊ ಸವರಬೇಕು ಎನ್ನುವಷ್ಟರಲ್ಲಿ ಉತ್ತರದಿಂದ ಗಾಳಿ ಬೀಸಿತು. ಕಂಬಿಗಳ ಕೆಳಗಿನ ನೀಲಿ ಬೆಳಕು ಮಾಯ. ಉರಿ ಆರಿತ್ತು, ಅನಿಲ ಹರಿಯುತ್ತಲೇ ಇತ್ತು! ಈ ಹೊತ್ತಿನಲ್ಲಿ ಅವಸರಪಟ್ಟು ಕಿಡಿ ಕೊಟ್ಟರೆ, ಗ್ರಿಲ್ಲಿನ ಹೊಟ್ಟೆಯಲ್ಲಿ ತುಂಬಿದ ಅನಿಲವೆಲ್ಲ ಮುಖದ ಮೇಲೆ ಸ್ಫೋಟಿಸುತ್ತದೆ. ತಿರುಪುಗಳನ್ನೆಲ್ಲ ಬಂದ್ ಮಾಡಿದೆ. ಮುಚ್ಚಳ ಪೂರ್ತಿ ತೆರೆದು ಹಿಂದೆ ಸರಿದೆ. ಐದು ನಿಮಿಷ ಕಾಯಲೇಬೇಕು. ಪ್ರೊಪೇನ್ ಗಾಳಿಗಿಂತ ಭಾರ. ತಳದಲ್ಲಿ ನಿಂತು ಹೊಂಚು ಹಾಕುತ್ತದೆ. ಅರೆಬೆಂದ ಪಿಜ್ಜಾ ತಟ್ಟೆಯಲ್ಲಿ ಆರುತ್ತಿದೆ, ಕಾದ ಕಬ್ಬಿಣ ಕಣ್ಣೆದುರೇ ತಣಿಯುತ್ತಿದೆ, ನಾಲ್ಕು ಬೆರಳು ಗ್ಯಾಸಿನಲ್ಲಿ ಎಷ್ಟು ಉಳಿಯಿತೋ! ಕಾಲ್ಬೆರಳುಗಳ ಸ್ಪರ್ಶ ಹೋಗಿಬಿಟ್ಟಿತ್ತು.

ಬೇಲಿಯಾಚೆ ಸದ್ದು. ಪಕ್ಕದ ಮನೆಯ ಮುದುಕರು! ಮಾಸ್ಕ್ ಹಾಕಿ, ಕಂಬಳಿ ಹೊದ್ದು, ತಮ್ಮ ಗ್ಯಾರೇಜಿನಿಂದ ಆಳೆತ್ತರದ ಪ್ಲೈವುಡ್ ಹಲಗೆ ಎಳೆದುಕೊಂಡು ಬರುತ್ತಿದ್ದಾರೆ. ಒಂದು ಮಾತಿಲ್ಲ, ಕತೆಯಿಲ್ಲ. ಗ್ರಿಲ್ಲಿನಿಂದ ಎರಡು ಮಾರು ದೂರದಲ್ಲಿ, ಗಾಳಿ ಬರುವ ದಿಕ್ಕಿಗೆ ಹಲಗೆ ಅಡ್ಡ ನಿಲ್ಲಿಸಿ ಭುಜ ಕೊಟ್ಟು ನಿಂತರು. ಎಪ್ಪತ್ತು ದಾಟಿದ ಜೀವ. ಮೈನಸ್ 19ರ ಗಾಳಿಯನ್ನು ತಮ್ಮ ಬೆನ್ನಿಗೆ ತೆಗೆದುಕೊಂಡು, ಯಾರದೋ ಮನೆಯ ಒಲೆ ಕಾಯುತ್ತ ನಿಂತರು.

ಐದು ನಿಮಿಷ ಮುಗಿಯಿತು. ಸಿಲಿಂಡರ್ ಮೆಲ್ಲಗೆ. ಕಿಡಿ. ಉರಿ! ಈ ಸಲ ಅದು ಅಲುಗಾಡಲಿಲ್ಲ.

ಮುಂದೆ ಎಲ್ಲವೂ ಓಟ. ಬೆಂದ ಬದಿ ಮೇಲೆ ಬರುವಂತೆ ಹಿಡಿದು, ತೆಳುವಾಗಿ ಟೊಮೆಟೊ ಸವರಿ, ಕಲ್ಲಿನಂತೆ ಸೆಟೆದಿದ್ದ ಚೀಸನ್ನು ಚೂರು ಮಾಡಿ ಉದುರಿಸಿ, ಈರುಳ್ಳಿ, ಮೆಣಸಿನಕಾಯಿ, ಮೇಲೆ ಅವ್ವನ ಶೇಂಗಾ ಚಟ್ನಿಪುಡಿ. ಹೆಚ್ಚು ಹೇರುವಂತಿಲ್ಲ, ಭಾರವಾದರೆ ಮೇಲಿನದು ಬೇಯುವಷ್ಟರಲ್ಲಿ ಅಡಿ ಇದ್ದಿಲಾಗುತ್ತದೆ. ಜೋರು ಉರಿಯ ಮೇಲೆ ಒಂದು ನಿಮಿಷ, ಆಮೇಲೆ ಬರೀ ಕಾವಿನ ಕಡೆಗೆ ಜಾರಿಸಿ ಮುಚ್ಚಳ. ಚೀಸ್ ಕರಗಿ ಕುದಿಯತೊಡಗಿದ ಸದ್ದು ಗಾಳಿಯ ಸದ್ದನ್ನೂ ಮೀರಿ ಕೇಳಿಸಿತು. ತಟ್ಟೆಗೆ ಇಳಿಸಿ, ಬಟ್ಟೆ ಮುಚ್ಚಿ ಒಳಗೆ ಓಡಿದೆ. ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಅಂಚು ತಣ್ಣಗಾಗಿತ್ತು. ನಡುವೆ ಇನ್ನೂ ಹೊಗೆಯಾಡುತ್ತಿತ್ತು. ಮಗಳು ಕಚ್ಚಿದಳು. ಚೀಸಿನ ಎಳೆ ಗಲ್ಲದವರೆಗೆ ಇಳಿಯಿತು. "ಅಪ್ಪಾ, ಇನ್ನೊಂದು" ಎಂದಳು. ಹಿಂದಿನ ರಾತ್ರಿಯಿಂದ ಅವಳು ಬಾಯಿ ಬಿಟ್ಟು ಕೇಳಿದ ಮೊದಲ ಮಾತು.

ಒಂದರ ಹಿಂದೊಂದು ಬೆಂದವು. ಮುದುಕರಿಗೂ ಅವರ ಮನೆಯಾಕೆಗೂ ಬಿಸಿಬಿಸಿ ಪಿಜ್ಜಾ ಬೇಲಿ ದಾಟಿತು. ಕೊನೆಯದು ಇಳಿಯುವ ಹೊತ್ತಿಗೆ ಉರಿ ಹಳದಿಯಾಗಿ, ಕುಗ್ಗಿ, ತಾನಾಗಿ ಆರಿತು. ಸಿಲಿಂಡರ್ ಬರಿದಾಗಿತ್ತು, ಹೊಟ್ಟೆ ತುಂಬಿತ್ತು. ಅವ್ವನ ತೊಡೆಯ ಮೇಲೆ ಮಗಳ ನಡುಕ ನಿಂತು ಗಾಢ ನಿದ್ದೆ ಬಂತು. ಕರೆಂಟು ವಾಪಸು ಬರುವತನಕ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಊಟ.

ಎಲ್ಲರಿಗೂ ಹಾಗಾಗಲಿಲ್ಲ. ಆ ಚಳಿಗಾಳಿಗೆ ಸತ್ತವರ ಸಂಖ್ಯೆ 246 ಎಂದು ಟೆಕ್ಸಾಸ್ ರಾಜ್ಯದ ಆರೋಗ್ಯ ಇಲಾಖೆ ಅಂತಿಮವಾಗಿ ಲೆಕ್ಕ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಚಳಿಗೇ ಬಲಿಯಾದವರು. ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದವರೂ ಇದ್ದಾರೆ.

ನೀವು ಡಲ್ಲಾಸ್‌ನಲ್ಲಿರಿ, ಟೊರಾಂಟೊದಲ್ಲಿರಿ, ಇಂಥ ಚಳಿ ಕಾಣದ ಬೆಂಗಳೂರಿನಲ್ಲೇ ಇರಿ, ಹೇಳುವುದು ಇಷ್ಟೇ. ಬೆಂಕಿಯ ವಿದ್ಯೆಯನ್ನು ಸುಖದ ದಿನಗಳಲ್ಲೇ ಕಲಿಯಿರಿ. ಬಿಡುವಿನ ಸಂಜೆಯೊಂದರಲ್ಲಿ ಗ್ರಿಲ್ ಹಚ್ಚಿ, ಹಿಟ್ಟು ನಾದಿ, ಮಕ್ಕಳ ಕೈಯಲ್ಲೇ ಪಿಜ್ಜಾ ಮಗುಚಿಸಿ. ತುಂಬಿದ ಸಿಲಿಂಡರ್ ಒಂದನ್ನು ಮನೆಯ ಹೊರಗೆ ಸದಾ ಇಟ್ಟಿರಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲಿ. ಎಂಥ ಚಳಿಯೇ ಬರಲಿ, ಎಂಥ ಮಳೆಯೇ ಸುರಿಯಲಿ, ಗ್ರಿಲ್ಲನ್ನು ಮಾತ್ರ ಮನೆಯೊಳಗೂ ಗ್ಯಾರೇಜಿಗೂ ತರಬೇಡಿ.